ತಂಗಿಯ ಕ್ಯಾರವಾನ್ ಮುಟ್ಟಿಸಿ ಬಂದದ್ದು

ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಹೊಸದರಲ್ಲಿ ತುಮಕೂರು–ಕುಣಿಗಲ್ ರೂಟು, ಆಮೇಲೆ ಅದೇ ಬಸ್ಸು ಯಡಿಯೂರಿನವರೆಗೆ, ಅದಾದ ಮೇಲೆ ಧರ್ಮಸ್ಥಳ, ಮಂತ್ರಾಲಯ ಅಂತ ರಾತ್ರಿ ಬಸ್ಸುಗಳು. ನಾನು ಗುಬ್ಬಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲೀತಿದ್ದೆ, ಈಗಲೂ ಹೊಲೀತೀನಿ. ಬ್ಲೌಸು, ಸ್ಕೂಲ್ ಯೂನಿಫಾರಂ, ಸೀರೆಗೆ ಫಾಲ್. ಅವರು ಬರುವ ಹೊತ್ತಿಗೆ ನನ್ನ ಕೆಲಸ ಶುರುವಾಗಿರುತ್ತಿತ್ತು, ನನ್ನ ಕೆಲಸ ಮುಗಿಯುವ ಹೊತ್ತಿಗೆ ಅವರು ಡ್ಯೂಟಿಗೆ ಹೊರಟಿರುತ್ತಿದ್ದರು. ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು. ಅದರಲ್ಲಿ ಒಂದೇ ಸೂರಿನಡಿ ಇಬ್ಬರೂ ಎಚ್ಚರವಾಗಿದ್ದ ಹೊತ್ತು ಎಷ್ಟು ಅಂತ ಕೇಳಿದರೆ ಹೇಳೋದು ಕಷ್ಟ. ಇದನ್ನು ದೂರು ಅಂತ ಹೇಳುತ್ತಿಲ್ಲ. ಬಸ್ಸಿನವರ ಮನೆಗಳೆಲ್ಲ ಹೆಚ್ಚುಕಮ್ಮಿ ಹೀಗೇ ನಡೆಯುತ್ತವೆ. ಮಗಳು ಬೆಳೆದಳು, ಓದಿದಳು, ಮದುವೆಯಾಗಿ ತುಮಕೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ.

ರಿಟೈರ್ ಆದ ಮೇಲೆ ಅವರು ಮನೆಯಲ್ಲಿ ಇರತೊಡಗಿದರು. ಛತ್ರದಲ್ಲಿ ಮದುವೆ ಮುಗಿದ ಮೇಲೂ ಉಳಿದುಕೊಂಡ ನೆಂಟರ ಹಾಗೆ ಇದ್ದರು. ಎಲ್ಲಿ ಕೂರಬೇಕು ಅಂತ ಗೊತ್ತಾಗದೆ ಒಂದು ಸಲ ಜಗಲಿ, ಒಂದು ಸಲ ಹಿತ್ತಲು. ಪೇಪರನ್ನು ನಿಂತುಕೊಂಡೇ ಓದುತ್ತಿದ್ದರು. ಊಟವನ್ನು, ಹಿಂದೆ ಹೋಟೆಲಿನ ಮುಂದೆ ಬಸ್ಸು ನಿಲ್ಲಿಸಿ ಉಣ್ಣುತ್ತಿದ್ದ ಹಾಗೇ, ಯಾರೋ ಕಾಯ್ತಿದ್ದಾರೆ ಅನ್ನೋ ಥರ ಬೇಗ ಮುಗಿಸಿ ಕೈ ತೊಳೆಯುತ್ತಿದ್ದರು. ಮಾತು ಮೊದಲೇ ಕಮ್ಮಿ. ನನ್ನ ಅಂಗಡಿಗೆ ಹೆಂಗಸರು ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಹೀಗೆ ಎರಡು ವರ್ಷ ಕಳೆಯಿತು.

ನನ್ನ ತಂಗಿ ಆಸ್ಟ್ರೇಲಿಯಾದಲ್ಲಿ ನರ್ಸು. ನಮ್ಮ ತವರು ಗೂಳೂರು. ಅಲ್ಲಿಂದ ತುಮಕೂರಿಗೆ ಬಂದು ನರ್ಸಿಂಗ್ ಓದಿ, ಕೊಲ್ಲಿ ದೇಶದಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಅಲ್ಲಿಗೆ ಹೋದಳು. ಅಲ್ಲಿಯವನೇ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಮದುವೆಯಾದಳು. ನಮ್ಮನ್ನು ಬನ್ನಿ ಬನ್ನಿ ಅಂತ ಕರೆಯುತ್ತಲೇ ಇದ್ದಳು. ನಾನು ಗಿರಾಕಿಗಳ ನೆಪ ಹೇಳುತ್ತಿದ್ದೆ. ಈ ಸಲ ಅವಳೇ ಟಿಕೆಟ್ಟು ಮಾಡಿಸಿದಳು. ಇವರ ಲೈಸೆನ್ಸಿಗೆ ಅಲ್ಲಿ ನಡೆಯುವಂಥ ಪರ್ಮಿಟ್ ಮಾಡಿಸಿಕೊಂಡು ಬನ್ನಿ ಅಂತಲೂ ಹೇಳಿದಳು. ಯಾಕೆ ಅಂತ ನಾವು ಕೇಳಲಿಲ್ಲ. ತುಮಕೂರಿನ ಆರ್‌ಟಿಒ ಆಫೀಸಿಗೆ ಹೋಗಿ ಮಾಡಿಸಿಕೊಂಡರು.

ಅಲ್ಲಿಗೆ ಹೋದ ಮೇಲೆ ಕಾರಣ ಗೊತ್ತಾಯಿತು. ಅವಳಿದ್ದದ್ದು ಪೋರ್ಟ್ ಆಗಸ್ಟಾ ಅನ್ನೋ ಸಮುದ್ರದ ಅಂಚಿನ ಸಣ್ಣ ಊರಲ್ಲಿ. ಅವಳಿಗೆ ಆಲಿಸ್ ಸ್ಪ್ರಿಂಗ್ಸ್ ಅನ್ನೋ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅದು ದೇಶದ ನಟ್ಟನಡುವೆ, ಮರುಭೂಮಿಯಲ್ಲಿದೆ. ಅವಳ ಗಂಡ ಸಾಮಾನನ್ನೆಲ್ಲ ಲಾರಿಗೆ ಹಾಕಿಕೊಂಡು ಮೊದಲೇ ಹೋಗಿದ್ದ. ಉಳಿದದ್ದು ಒಂದು ದೊಡ್ಡ ಜೀಪಿನಂಥ ಕಾರು, ಅದರ ಹಿಂದೆ ಕಟ್ಟುವ ಕ್ಯಾರವಾನ್. ಕ್ಯಾರವಾನ್ ಅಂದರೆ ಚಕ್ರದ ಮೇಲಿನ ಮನೆ. ಮಂಚ, ಗ್ಯಾಸ್ ಒಲೆ, ಸಿಂಕು, ಊಟಕ್ಕೆ ಕೂರಲು ಸಣ್ಣ ಮೇಜು, ಎಲ್ಲ ನಮ್ಮ ಮನೆಯ ಅಡುಗೆಕೋಣೆಯಷ್ಟು ಜಾಗದಲ್ಲಿ. ಮೂವರೂ ಸೇರಿ ಅದರಲ್ಲಿ ನಿಧಾನಕ್ಕೆ ಊರು ನೋಡಿಕೊಂಡು ಹೋಗೋಣ, ಭಾವನೂ ಸ್ವಲ್ಪ ಹೊತ್ತು ಓಡಿಸಲಿ ಅನ್ನೋದು ಅವಳ ಲೆಕ್ಕ. ಆದರೆ ಆಸ್ಪತ್ರೆಯವರು ಬೇಗ ಬಂದು ಸೇರಿಕೊಳ್ಳಿ ಅಂತ ಕರೆದುಬಿಟ್ಟರು. ಅವಳು ವಿಮಾನದಲ್ಲಿ ಹೋಗಲೇಬೇಕಾಯಿತು. ನೀವೂ ನನ್ನ ಜೊತೆ ವಿಮಾನದಲ್ಲೇ ಬಂದುಬಿಡಿ, ಗಾಡಿಗೆ ಆಮೇಲೆ ಯಾರನ್ನಾದರೂ ನೋಡಿದರಾಯಿತು ಅಂದಳು.

ಇವರು ತಲೆ ಎತ್ತಿ, "ನಾನ್ ತಂದ್ ಮುಟ್ಟಿಸ್ತೀನಿ ಬುಡಮ್ಮ," ಅಂದರು.

ರಿಟೈರ್ ಆದ ಮೇಲೆ ಅವರು ತಾವಾಗಿ ಆಡಿದ ಮಾತುಗಳಲ್ಲಿ ನನಗೆ ನೆನಪಿರುವುದು ಇದೊಂದೇ. ತಂಗಿ ನನ್ನ ಮುಖ ನೋಡಿದಳು. ಅವಳು ಹೊರಡುವ ಮುಂಚೆ ಒಂದು ಖಾಲಿ ಮೈದಾನದಲ್ಲಿ ಗಾಡಿ ಕಟ್ಟಿಸಿ ಇವರ ಕೈಲಿ ಓಡಿಸಿ ನೋಡಿದಳು. ಮುಂದಕ್ಕೆ ಏನೂ ತೊಂದರೆ ಇರಲಿಲ್ಲ, ಅಲ್ಲೂ ನಮ್ಮ ಹಾಗೇ ರಸ್ತೆಯ ಎಡಕ್ಕೇ ಓಡಿಸೋದು. ಹಿಂದಕ್ಕೆ ಬಿಡುವಾಗ ಮಾತ್ರ ಕ್ಯಾರವಾನ್ ಒಂದು ಕಡೆ, ಕಾರು ಒಂದು ಕಡೆ ಮುರಿದುಕೊಳ್ಳುತ್ತಿತ್ತು. ಎರಡು ದಿನ ಅಭ್ಯಾಸ ಮಾಡಿದರು. ನಾನು ಫೋಲ್ಡಿಂಗ್ ಕುರ್ಚಿಯಲ್ಲಿ ಕೂತು ನೋಡಿದೆ. ಇವರು ಗಾಡಿ ಓಡಿಸುವುದನ್ನು ಅಷ್ಟು ಹೊತ್ತು ಕೂತು ನೋಡಿದ್ದು ಅದೇ ಮೊದಲು.

ನಾವು ಹೊರಟದ್ದು ಜುಲೈನಲ್ಲಿ. ಅಲ್ಲಿ ಅದು ಚಳಿಗಾಲ. ಹಗಲು ಹಿತವಾದ ಬಿಸಿಲು, ಸಂಜೆಯಾದರೆ ಕೈ ಸೆಟೆದುಕೊಳ್ಳುವ ಚಳಿ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಅಡ್ಡ ಬರುತ್ತವೆ, ಹೊತ್ತು ಮುಳುಗುವ ಮುಂಚೆ ಎಲ್ಲಾದರೂ ನಿಲ್ಲಿಸಿಬಿಡಿ ಅಂತ ತಂಗಿ ಸಾರಿ ಸಾರಿ ಹೇಳಿದ್ದಳು. ಒಂದು ಇಂಡಿಯನ್ ಅಂಗಡಿಯಿಂದ ರಾಗಿ ಹಿಟ್ಟು, ಅವರೆಬೇಳೆ, ಹುಣಸೆಹಣ್ಣು ತರಿಸಿಟ್ಟಿದ್ದಳು.

ಊರು ದಾಟಿದ ಮೇಲೆ ರಸ್ತೆ ನೆಟ್ಟಗೆ ಹೋಗುತ್ತದೆ. ಎರಡೂ ಕಡೆ ಕೆಮ್ಮಣ್ಣು, ಮೊಣಕಾಲುದ್ದದ ಬೂದು ಬಣ್ಣದ ಪೊದೆ. ಬೆಟ್ಟ ಇಲ್ಲ, ಊರಿಲ್ಲ, ಹೊಲವಿಲ್ಲ. ನಮ್ಮಲ್ಲಿ ಶಿರಾ ಕಡೆ ಎಷ್ಟು ಒಣ ನೆಲದಲ್ಲಿ ಹೋದರೂ ಜಾಲಿ ಮರದ ಕೆಳಗೆ ಕುರಿ ಮೇಯಿಸುವವರು ಯಾರಾದರೂ ಕಾಣುತ್ತಾರೆ. ಇಲ್ಲಿ ಯಾರೂ ಇಲ್ಲ. ಆಗಾಗ ಮೂರು ಟ್ರೈಲರ್ ಒಂದರ ಹಿಂದೊಂದು ಕಟ್ಟಿಕೊಂಡ ಲಾರಿ ಎದುರಿಗೆ ಬರುತ್ತದೆ. ಅದು ಪಕ್ಕದಲ್ಲಿ ಹಾದಾಗ ನಮ್ಮ ಕಾರು, ಹಿಂದಿನ ಮನೆ ಎರಡೂ ಅಲುಗುತ್ತವೆ. ಇವರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಅದು ಹೋದ ಮೇಲೆ ಬೆರಳುಗಳನ್ನು ಒಂದೊಂದಾಗಿ ಸಡಿಲ ಮಾಡುತ್ತಿದ್ದರು.

ಮೊದಲ ದಿನ ನಾವು ಹೆಚ್ಚುಕಮ್ಮಿ ಮಾತೇ ಆಡಲಿಲ್ಲ. ಡ್ರೈವರ್ ಜೊತೆ ಮಾತಾಡಬೇಡಿ ಅಂತ ಬಸ್ಸಿನಲ್ಲಿ ಬರೆದಿರುತ್ತಲ್ಲ, ಆ ಅಭ್ಯಾಸ ಇವರಿಗೆ ಮೈಗೂಡಿದೆ ಅಂದುಕೊಂಡೆ. ಎರಡನೆಯ ದಿನವೂ ಹಾಗೇ. ನಾನು ಕಿಟಕಿಯಲ್ಲಿ ನೋಡುತ್ತಿದ್ದೆ, ತೂಕಡಿಸುತ್ತಿದ್ದೆ, ಒಂದು ಹಳೇ ಬ್ಲೌಸಿನ ಹುಕ್ಕು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಸಂಜೆ ಗಾಡಿ ನಿಲ್ಲಿಸಿ ಸಾರು, ಮುದ್ದೆ ಮಾಡುತ್ತಿದ್ದೆ. ಕ್ಯಾರವಾನಿನೊಳಗೆ ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ. ನಾನು ಪಾತ್ರೆ ತೊಳೆಯುವಾಗ ಇವರು ಮಂಚದ ಮೇಲೆ ಕಾಲು ಮಡಚಿಕೊಂಡು ಕೂರುತ್ತಿದ್ದರು. ಮುದ್ದೆ ಸರಿಯಾಗಿದೆಯಾ ಅಂದರೆ, ಆಗಿದೆ ಅನ್ನುತ್ತಿದ್ದರು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳ ಆಡುವಷ್ಟು ಬಳಕೆಯೇ ಇರಲಿಲ್ಲ ಅನ್ನಬಹುದು. ಇನ್ನೂ ಇಷ್ಟು ದಿನ ಇದೆಯಲ್ಲ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡದ್ದು ನಿಜ.

ಕೂಬರ್ ಪೀಡಿ ಅಂತ ಒಂದು ಊರು ಸಿಗುತ್ತದೆ. ಬೇಸಿಗೆಯ ಬಿಸಿಲಿಗೆ ಹೆದರಿ ಅಲ್ಲಿಯ ಜನ ನೆಲದೊಳಗೆ ಮನೆ ಕೊರೆದುಕೊಂಡಿದ್ದಾರೆ. ಅದನ್ನು ನೋಡಿ, ಮಾರನೆಯ ಬೆಳಿಗ್ಗೆ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಇವರು ಮೂಗು ಎತ್ತಿ ವಾಸನೆ ನೋಡಿದರು. ಗ್ರೀಸು ಸುಟ್ಟ ವಾಸನೆ. ನಿಧಾನಕ್ಕೆ ಓಡಿಸಿ, ಮುಂದೆ ಸಿಕ್ಕ ತಂಗುಜಾಗದಲ್ಲಿ ನಿಲ್ಲಿಸಿದರು. ಅಲ್ಲಿದ್ದದ್ದು ಒಂದು ತಗಡಿನ ನೆರಳು, ನೀರಿನ ಟ್ಯಾಂಕು, ಕಸದ ಡ್ರಮ್ಮು, ಒಂದು ಕಕ್ಕಸು. ಕ್ಯಾರವಾನಿನ ಒಂದು ಚಕ್ರ ಮುಟ್ಟಿದರೆ ಸುಡುತ್ತಿತ್ತು. ಬೇರಿಂಗ್ ಹೋಗಿದೆ, ಹೊಸದು ಹಾಕದೆ ಮುಂದಕ್ಕೆ ಹೋಗೋ ಹಾಗಿಲ್ಲ ಅಂದರು. ಫೋನಿಗೆ ಸಿಗ್ನಲ್ ಇರಲಿಲ್ಲ.

ಅದೇ ಜಾಗದಲ್ಲಿ ಇನ್ನೊಂದು ಕ್ಯಾರವಾನ್ ಮೊದಲೇ ನಿಂತಿತ್ತು. ಅದರಲ್ಲಿದ್ದದ್ದು ನಮಗಿಂತ ಹಿರಿಯರಾದ ಗಂಡ ಹೆಂಡತಿ, ಆ ದೇಶದವರೇ. ಆ ಯಜಮಾನರು ಎತ್ತರದ ಮನುಷ್ಯ, ಬಿಸಿಲಿಗೆ ಕೆಂಪಾದ ಕತ್ತು. ಅವರು ಬಂದು ಚಕ್ರ ನೋಡಿ, ಇವರು ಕೈಸನ್ನೆಯಲ್ಲಿ ಹೇಳಿದ್ದನ್ನೆಲ್ಲ ಒಪ್ಪಿಕೊಂಡರು. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ. ಮುಂದೆ ಒಂದು ರೋಡ್‌ಹೌಸ್ ಇದೆ, ಅಂದರೆ ಪೆಟ್ರೋಲ್ ಬಂಕು, ಹೋಟೆಲು, ಅಂಗಡಿ ಎಲ್ಲ ಒಂದೇ ಆಗಿರುವ ಜಾಗ. ನನ್ನ ಗಾಡಿಯಲ್ಲಿ ಹೋಗಿ ಕೇಳಿಕೊಂಡು ಬರೋಣ ಅಂದರು. ಆಮೇಲೆ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದರು.

ನನಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನಿಧಾನಕ್ಕೆ ಹೇಳಿದರೆ ತಿಳಿಯುತ್ತದೆ. ಅವರು ನಿಧಾನಕ್ಕೇ ಹೇಳಿದರು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಹೆಸರು, ಊರು, ಮಕ್ಕಳು ಒಂದೊಂದಾಗಿ ಮರೆತುಹೋಗುತ್ತಿದ್ದವು. ಮನೆಯಲ್ಲಿದ್ದಾಗ ದಿನಾ ಸಂಜೆ ಬ್ಯಾಗು ಹಿಡಿದು, ನನ್ನನ್ನು ಮನೆಗೆ ಕರೆದುಕೊಂಡು ಹೋಗು ಅಂತ ಅಳುತ್ತಿದ್ದರಂತೆ. ಇದೇ ಮನೆ ಅಂದರೆ ನಂಬುತ್ತಿರಲಿಲ್ಲವಂತೆ. ಒಂದು ದಿನ ಸುಮ್ಮನೆ ಗಾಡಿಗೆ ಹತ್ತಿಸಿಕೊಂಡು ಹೊರಟಾಗ ಅಳು ನಿಂತಿತು. "ರಸ್ತೆಯ ಮೇಲೆ ಅವಳು ಆ ಮಾತು ಕೇಳೋದೇ ಇಲ್ಲ," ಅಂದರು. "ಹೇಗೂ ಮನೆಗೇ ಹೋಗ್ತಾ ಇದೀವಿ ಅಂದುಕೊಂಡಿದ್ದಾಳೆ." ಆಮೇಲೆ ಅವರು ಮನೆ ಮಾರಿಬಿಟ್ಟರು. ನಾವು ಬರುವವರೆಗೆ ಅವಳನ್ನು ನೋಡಿಕೊಳ್ಳುತ್ತೀರಾ ಅಂತ ಕೇಳಿದರು. ನಾನು ಹೂಂ ಅಂದೆ. ಗಂಡಸರಿಬ್ಬರೂ ಹೊರಟರು.

ಆಕೆ ಸಣ್ಣ ಆಳು. ಬೆಳ್ಳಗಿನ ಕೂದಲನ್ನು ಗಂಡ ಬಾಚಿದ್ದ ಹಾಗಿತ್ತು, ಬೈತಲೆ ಸೊಟ್ಟಗಿತ್ತು. ನೆರಳಿನಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂತೆವು. ಆಕೆ ನನ್ನ ಸೀರೆಯ ಅಂಚನ್ನು ಮುಟ್ಟಿ ನೋಡಿ ನಕ್ಕು, ದೂರದಿಂದ ಬಂದಿರಾ ಅಂತ ಕೇಳಿದರು. ಇಂಡಿಯಾದಿಂದ ಅಂದೆ. ಓ, ತುಂಬಾ ದೂರ ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ, ದೂರದಿಂದ ಬಂದಿರಾ ಅಂದರು. ಇಂಡಿಯಾ ಅಂತ ಮತ್ತೆ ಹೇಳಲು ಬೇಜಾರಾಗಿ ಬೆಂಗಳೂರು ಅಂದೆ. ಅದೂ ಪೂರ್ತಿ ನಿಜವಲ್ಲ ಅನ್ನಿಸಿ, ಮೂರನೆಯ ಸಲ ಕೇಳಿದಾಗ ಬೆಂಗಳೂರಿನ ಆಚೆಗೆ ತುಮಕೂರು ಅಂತ ಇದೆ ಅಂದೆ. ಅದೂ ದೂರವೇ ಅಂದರು. ಹೀಗೆ ಆಕೆ ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಗೂಳೂರಿನ ಕೆರೆ ಏರಿ, ಅಪ್ಪನ ಹತ್ತಿಪ್ಪತ್ತು ತೆಂಗಿನ ಮರ, ತುಮಕೂರಿಗೆ ಟೈಲರಿಂಗ್ ಕ್ಲಾಸಿಗೆ ಬರುತ್ತಿದ್ದ ದಿನಗಳು, ಮದುವೆಯಾಗಿ ಗುಬ್ಬಿಗೆ ಬಂದದ್ದು, ನಮ್ಮ ಬೀದಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಯಾರು ಯಾರು ನೀರು ಹಾಕಿ ಗುಡಿಸುತ್ತಾರೆ ಅನ್ನೋದು. ಇಂಗ್ಲಿಷು ಮುಗಿದ ಮೇಲೆ ಕನ್ನಡದಲ್ಲೇ ಹೇಳಿದೆ. ಪಕ್ಕದ ಮನೆಯ ಸಾಬರ ಹೆಂಗಸು ಮತ್ತು ನಾನು ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿಕೊಂಡು ಕೆಲಸ ಮಾಡಿದ್ದನ್ನು ಹೇಳಿದೆ. ಆಕೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಸಂಜೆಯಾಗುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು. ನನ್ನ ವಿಷಯ ಅಷ್ಟು ಹೊತ್ತು ಯಾರ ಹತ್ತಿರವೂ ಮಾತಾಡಿರಲಿಲ್ಲ. ಯಾರೂ ಅಷ್ಟು ಸಲ ಕೇಳಿರಲೂ ಇಲ್ಲ.

ಗಂಡಸರು ಬಂದರು. ರೋಡ್‌ಹೌಸಿನಿಂದ ತಂಗಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದರು. ಬೇರಿಂಗ್ ಅಲ್ಲಿರಲಿಲ್ಲ, ಮಾರನೆಯ ದಿನ ಕೂಬರ್ ಪೀಡಿಯಿಂದ ಲಾರಿಯಲ್ಲಿ ಬರುತ್ತದೆ ಅಂದರು. ಆ ಯಜಮಾನರು ಅವತ್ತೇ ಹೊರಡಬೇಕಾಗಿದ್ದವರು. ನಮಗಾಗಿ ಉಳಿದರು. ನಾವು ಬೇಡ ಅಂದೆವು. ಎಲ್ಲಿ ನಿಂತರೂ ನಮಗೆ ಒಂದೇ ಅಂದರು. ನಾಲ್ಕು ಜನವೂ ಒಟ್ಟಿಗೆ ಊಟ ಮಾಡಿದೆವು. ಆಕೆಗೆ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದು ಹೇಗೆ ಅಂತ ತೋರಿಸಿದೆ. ಆಕೆ ಅಗಿದುಬಿಟ್ಟರು, ಆದರೂ ಇನ್ನೊಂದು ತುಂಡು ಬೇಕು ಅಂದರು.

ಮಾರನೆಯ ದಿನ ಬೇರಿಂಗ್ ಬಂತು. ಸಂಜೆಯೊಳಗೆ ಇಬ್ಬರೂ ಸೇರಿ ಹಾಕಿ ಮುಗಿಸಿದರು.

ಅದರ ಮರುದಿನ ಬೆಳಿಗ್ಗೆ, ಎರಡೂ ಗಾಡಿಗಳು ಹೊರಡುವ ಹೊತ್ತಿನಲ್ಲಿ, ಆಕೆ ಕಾಣಿಸಲಿಲ್ಲ. ಯಜಮಾನರು ಕುರ್ಚಿ ಮಡಚಿ ಗಾಡಿಯೊಳಗೆ ಇಟ್ಟು ಬರುವಷ್ಟರಲ್ಲಿ ಇಲ್ಲ. ಮೊದಲು ಅವರು ಕಕ್ಕಸಿನ ಕಡೆ ನೋಡಿದರು, ಆಮೇಲೆ ರಸ್ತೆಯ ಎರಡೂ ಕಡೆ. ಆಮೇಲೆ ಹೆಸರು ಹಿಡಿದು ಕೂಗುತ್ತಾ ಪೊದೆಗಳ ಕಡೆ ನಡೆದರು. ಅಲ್ಲಿ ಎಲ್ಲ ಪೊದೆಯೂ ಒಂದೇ ಥರ. ಸ್ವಲ್ಪ ದೂರ ಹೋಗಿ ತಿರುಗಿದರೆ ಬಂದ ದಾರಿ ಯಾವುದು ಅಂತ ನಮ್ಮಂಥವರಿಗೂ ತಿಳಿಯುವುದಿಲ್ಲ. ಅವರ ಕೂಗಿನಲ್ಲಿ ಗಾಬರಿ ಗೊತ್ತಾಗುತ್ತಿತ್ತು. ನಾನು ಇನ್ನೊಂದು ದಿಕ್ಕಿಗೆ ಹೋದೆ. ಮಣ್ಣಿನ ಮೇಲೆ ಹೆಜ್ಜೆ ಹುಡುಕಿದೆ. ಇದ್ದದ್ದು ಹಕ್ಕಿಗಳ ಗುರುತು ಮಾತ್ರ. ರಸ್ತೆಯಲ್ಲಿ ಒಂದು ಲಾರಿ ಭರ್ರೆಂದು ಹೋಯಿತು. ಅದು ಹೋದ ಮೇಲೆ ಆಕೆ ರಸ್ತೆಗೆ ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಬಂತು. ಕ್ಯಾರವಾನಿನ ಹಿಂದೆ ಚಕ್ರ ನೋಡುತ್ತಿದ್ದ ಇವರನ್ನು ಕರೆಯೋಣ ಅಂತ ವಾಪಸ್ಸು ಬಂದೆ.

ನಮ್ಮ ಕಾರಿನಲ್ಲಿ ನನ್ನ ಸೀಟಿನಲ್ಲಿ ಆಕೆ ಕೂತಿದ್ದರು. ಬೆಲ್ಟು ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನೆಟ್ಟಗೆ ಮುಂದೆ ನೋಡುತ್ತಾ. ಪಕ್ಕದಲ್ಲಿ ಡ್ರೈವರ್ ಸೀಟಿನಲ್ಲಿ ಇವರು. ಇಂಜಿನ್ ಆಫ್ ಆಗಿತ್ತು. ಆಕೆ ಇಳಿಯಲು ಒಪ್ಪಿರಲಿಲ್ಲ ಅಂತ ಕಾಣುತ್ತೆ, ಕೂಗಿದರೆ ಬೆದರಿ ಮತ್ತೆ ಎಲ್ಲಿಗಾದರೂ ಹೋದಾರು ಅಂತ ಇವರು ಬಲವಂತ ಮಾಡದೆ ಪಕ್ಕಕ್ಕೆ ಹೋಗಿ ಕೂತಿದ್ದರು. ನಾನು ಚಳಿಗೆ ತಲೆಗೆ ಸುತ್ತಿಕೊಂಡಿದ್ದ ಟವಲ್ ತೆಗೆದು ದೂರದಲ್ಲಿದ್ದ ಯಜಮಾನರ ಕಡೆ ಬೀಸಿದೆ. ಅವರು ನೋಡಿದರು, ಒಂದು ಗಳಿಗೆ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತರು, ಆಮೇಲೆ ನಿಧಾನಕ್ಕೆ ನಮ್ಮ ಕಡೆ ಬರತೊಡಗಿದರು. ಅವರು ಬಂದು ಸೇರುವವರೆಗೆ ನಾನು ಕಾರಿನ ಹಿಂಬದಿಯಲ್ಲಿ ನಿಂತಿದ್ದೆ. ಕಿಟಕಿ ಇಳಿಸಿತ್ತು. ಒಳಗೆ ಇವರು ಕನ್ನಡದಲ್ಲಿ ಮಾತಾಡುತ್ತಿದ್ದರು.

ಮೊದಲು ನನಗೆ ಇದು ಯಾರ ದನಿಯೋ ಅನ್ನಿಸಿತು. ಅಷ್ಟು ಸರಾಗವಾಗಿ ಇವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತುಮಕೂರು ಬಿಟ್ಟರೆ ಗೂಳೂರು, ಅದಾದ ಮೇಲೆ ಹೆಬ್ಬೂರು, ಆಮೇಲೆ ಕುಣಿಗಲ್ಲು ಅಂತ ಸ್ಟಾಪು ಹೇಳುತ್ತಿದ್ದರು. ಬೆಳಗಿನ ಮೊದಲ ಬಸ್ಸಿಗೆ ಹೂವಿನ ಮೂಟೆ ಹತ್ತಿಸುವವರು, ಮಂಜು ಬಿದ್ದಾಗ ಕುಣಿಗಲ್ ಕೆರೆಯ ಹತ್ತಿರ ರಸ್ತೆ ಯಾವುದು ನೀರು ಯಾವುದು ಅಂತ ಕಾಣದೆ ಎದೆ ಹೊಡೆದುಕೊಳ್ಳುತ್ತಿದ್ದದ್ದು, ಯಡಿಯೂರಿಗೆ ಹರಕೆ ಹೊತ್ತು ಹೊರಟವರು ಬಸ್ಸಿನಲ್ಲಿ ಹಾಡು ಹೇಳುತ್ತಿದ್ದದ್ದು. ಆಮೇಲೆ ದನಿ ಸ್ವಲ್ಪ ತಗ್ಗಿತು.

"ಬಸ್ಸಲ್ಲಾದ್ರೆ ನಂದು ಅಂತ ಒಂದು ಸೀಟಿತ್ತು ಕಣಮ್ಮ. ಯಾರೂ ಕೂರ್ತಿರ್ಲಿಲ್ಲ. ಮನೇಲಿ ನಂದು ಯಾವ್ದು ಅಂತ ಇನ್ನೂ ಗೊತ್ತಾಗಿಲ್ಲ. ನಮ್ಮವಳು ಮಿಷಿನ್ ಮುಂದೆ ಕೂತಿರ್ತಾಳೆ. ನಾನೇನಾದ್ರೂ ಮಾತಾಡಿದ್ರೆ ಕಾಲು ನಿಲ್ಲಿಸ್ತಾಳೆ, ಮಿಷಿನ್ ನಿಂತೋಗುತ್ತೆ. ಅವಳ ಕೆಲ್ಸ ನಿಲ್ಲಿಸ್ದಂಗಾಗುತ್ತೆ ಅಂತ ನಾನು ಮಾತೇ ಆಡಲ್ಲ. ಆಡ್ದೆ ಆಡ್ದೆ ಈಗ ಹೆಂಗ್ ಶುರು ಮಾಡ್ಬೇಕು ಅಂತ್ಲೂ ಗೊತ್ತಾಗಲ್ಲ."

ಆಕೆ ಇವರ ಕಡೆ ತಿರುಗಿ, ದೂರದಿಂದ ಬಂದಿರಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇವರು ಹೂಂ ಅಂದರು.

ಅಷ್ಟರಲ್ಲಿ ಯಜಮಾನರು ಬಂದರು. ಅವರು ಬೈಯಲಿಲ್ಲ. ಬಾಗಿಲು ತೆಗೆದು, ಬೆಲ್ಟು ಬಿಚ್ಚಿ, ನಮ್ಮ ಗಾಡಿ ಆ ಕಡೆ ಇದೆ, ಹೊರಡೋಣವಾ ಅಂದರು. ಆಕೆ ಅವರ ತೋಳು ಹಿಡಿದು ಇಳಿದರು. ಇಳಿದ ಮೇಲೆ ಇವರ ಕಡೆ ನೋಡಿ, ಥ್ಯಾಂಕ್ಯೂ ಡ್ರೈವರ್ ಅಂದರು. ಬಸ್ಸು ಇಳಿಯುವಾಗ ಹಾಗೆ ಹೇಳುವುದು ಆ ದೇಶದಲ್ಲಿ ವಾಡಿಕೆ ಅಂತ ತಂಗಿ ಆಮೇಲೆ ಹೇಳಿದಳು. ಇವರಿಗೆ ಅದು ಗೊತ್ತಿರಲಿಲ್ಲ. ಸಂಕೋಚದಿಂದ ತಲೆ ಸವರಿಕೊಂಡು ಕೆಳಗೆ ನೋಡಿದರು. ಯಜಮಾನರು ನಮ್ಮಿಬ್ಬರ ಕೈಯನ್ನೂ ಕುಲುಕಿದರು. ಅವರು ದಕ್ಷಿಣಕ್ಕೆ ಹೋದರು, ನಾವು ಉತ್ತರಕ್ಕೆ.

ಗಾಡಿ ಹೊರಟಿತು. ನಾನು ಕೇಳಿಸಿಕೊಂಡದ್ದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಇವರು ಮಾತಾಡಿದರೆ ನಾನು ಮಿಷಿನ್ ನಿಲ್ಲಿಸುತ್ತಿದ್ದದ್ದು ನಿಜ. ಅದು ಇವರ ಮಾತು ಸರಿಯಾಗಿ ಕೇಳಿಸಲಿ ಅಂತ. ಮಿಷಿನ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ನಾನು ಕಾಲು ನಿಲ್ಲಿಸಿ ಮುಖ ಎತ್ತಿದರೆ ಇವರು ಏನಿಲ್ಲ ಬಿಡು ಅಂತ ಹೊರಟುಹೋಗುತ್ತಿದ್ದರು. ಹೇಳಬೇಕಾದದ್ದೇನೂ ಇಲ್ಲವೇನೋ ಅಂದುಕೊಂಡು ನಾನು ಮತ್ತೆ ತುಳಿಯುತ್ತಿದ್ದೆ. ಎಷ್ಟೋ ವರ್ಷ ಇದು ಹೀಗೇ ನಡೆದಿತ್ತು.

ಕೊನೆಗೆ ಹೇಳಿದೆ. "ರೀ, ನಿಮ್ಮ ಮಾತು ಕೇಳಿಸ್ಲಿ ಅಂತಾನೆ ನಾನು ಮಿಷಿನ್ ನಿಲ್ಲಿಸ್ತಿದ್ದೆ."

ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಎಷ್ಟು ಕೇಳಿಸಿಕೊಂಡೆ ಅಂದರು. ಗೂಳೂರು ಸ್ಟಾಪಿನಿಂದ ಈಚೆಗೆ ಎಲ್ಲ ಅಂದೆ.

"ಆಯಮ್ಮಂಗೆ ತಿಳಿಯಲ್ಲ ಅಂತ ಹೇಳ್ದೆ."

"ನಂಗಾದ್ರೆ ತಿಳಿಯುತ್ತೆ ಅಂತ ನಂಗ್ ಹೇಳ್ಲಿಲ್ವಾ?"

ಇವರು ಗಾಡಿಯನ್ನು ನಿಧಾನ ಮಾಡಿ ಪಕ್ಕಕ್ಕೆ ನಿಲ್ಲಿಸಿದರು. ಚಕ್ರ ನೋಡುತ್ತೀನಿ ಅಂತ ಇಳಿದು ಹೋಗಿ, ಮುಟ್ಟಿ ನೋಡಿ, ಅಲ್ಲೇ ಸುಮಾರು ಹೊತ್ತು ನಿಂತಿದ್ದರು. ಬಿಸಿಯಾಗಿಲ್ಲ ಅಂತ ಬಂದು ಹೇಳಿದರು. ಆಮೇಲೆ ಗಾಡಿ ಹೊರಡಿಸಿದ ಮೇಲೆ, ಕುಣಿಗಲ್ ರೂಟಿನಲ್ಲಿ ಒಂದು ಸಲ ಬ್ರೇಕ್ ಫೇಲಾಗಿ ಬಸ್ಸನ್ನು ರಾಗಿ ಹೊಲಕ್ಕೆ ಇಳಿಸಿದ್ದನ್ನು ಹೇಳಿದರು. ಯಾರಿಗೂ ಏನೂ ಆಗಲಿಲ್ಲವಂತೆ, ಹೊಲದವನು ಮಾತ್ರ ಬೈದನಂತೆ. ನಾನು ಯಾವಾಗ ಅಂತ ಕೇಳಿದೆ. ಮಗಳು ಹುಟ್ಟಿದ ವಾರ ಅಂದರು. ನಾನು ಆಗ ಬಾಣಂತನಕ್ಕೆ ಗೂಳೂರಿನಲ್ಲಿದ್ದೆ. ಅವರು ಅವತ್ತು ಸಂಜೆ ಮಗು ನೋಡಲು ಬಂದಿದ್ದರು, ಪ್ಯಾಂಟೆಲ್ಲ ಮಣ್ಣಾಗಿತ್ತು. ಸೈಕಲ್ಲಿನಿಂದ ಬಿದ್ದೆ ಅಂದಿದ್ದರು. ಅದು ನನಗೆ ನೆನಪಿತ್ತು, ಸೈಕಲ್ ಎಲ್ಲಿಂದ ಬಂತು ಅಂತ ಆಗ ಕೇಳುವುದು ಹೊಳೆದಿರಲಿಲ್ಲ. ಇಬ್ಬರೂ ನಕ್ಕೆವು.

ಅಲ್ಲಿಂದ ಮುಂದೆ ಎಲ್ಲ ಬದಲಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮಾತು ಬಂದಾಗ ಬಂತು, ಇಲ್ಲದಾಗ ಇಲ್ಲ. ಒಂದು ಕಡೆ ತಿರುವು ಬಂತು, ಅಲ್ಲಿಂದ ಎಡಕ್ಕೆ ಹೋದರೆ ದೊಡ್ಡ ಕೆಂಪು ಬಂಡೆ, ಜಗತ್ತಿನ ಜನವೆಲ್ಲ ನೋಡಲು ಬರುತ್ತಾರೆ. ಹೋಗಿಬರೋಣ ಅಂದೆ. ಈಗಾಗಲೇ ತಡವಾಗಿದೆ, ಹೇಳಿದ ದಿನಕ್ಕೆ ಗಾಡಿ ಮುಟ್ಟಿಸಬೇಕು ಅಂದರು. ತಡವಾಯಿತು ಅಂತ ನಿಮಗೆ ಮೆಮೊ ಕೊಡುವ ಡಿಪೊದವರು ಇಲ್ಲಿ ಯಾರೂ ಇಲ್ಲ ಅಂದೆ. ಅದಕ್ಕೆ ಸ್ವಲ್ಪ ಜೋರು ಮಾತೇ ಆಯಿತು. ಮದುವೆಯಾದ ಮೇಲೆ ನಾವು ಸರಿಯಾಗಿ ಆಡಿದ ಜಗಳ ಅಂದರೆ ಅದೇ ಇರಬೇಕು. ಬಂಡೆ ನೋಡಲಿಲ್ಲ. ನನಗೆ ಅದರ ಬೇಸರ ಇವತ್ತಿಗೂ ಇದೆ.

ಆಲಿಸ್ ಸ್ಪ್ರಿಂಗ್ಸಿನಲ್ಲಿ ತಂಗಿ ಬಾಗಿಲಲ್ಲೇ ನಿಂತಿದ್ದಳು. ಇವರು ಕ್ಯಾರವಾನನ್ನು ಹಿಂದಕ್ಕೆ ಬಿಟ್ಟು ಒಂದೇ ಸಲಕ್ಕೆ ಅಂಗಳಕ್ಕೆ ಸೇರಿಸಿದರು. ಅವಳ ಗಂಡ ಬಂದು ಚಕ್ರ ನೋಡಿ, ಇವರ ಬೆನ್ನು ತಟ್ಟಿದ. ನಮಗೆ ಅಂತ ತಂಗಿ ಒಂದು ಕೋಣೆ ಸಿದ್ಧ ಮಾಡಿದ್ದಳು. ಹೊಸ ಹಾಸಿಗೆ, ಹೀಟರು, ಕಿಟಕಿಗೆ ಪರದೆ. ಇಷ್ಟು ದಿನ ಡಬ್ಬದಲ್ಲಿ ಮಲಗಿ ಮೈಕೈ ನೋವು ಬಂದಿರುತ್ತೆ, ಈಗ ಕಾಲು ಚಾಚಿ ಮಲಗಿಕೊಳ್ಳಿ ಅಂದಳು.

ಊಟವಾದ ಮೇಲೆ ಇವರು, ನಾವು ಗಾಡಿಯಲ್ಲೇ ಮಲಗ್ತೀವಿ ಅಂದರು. ತಂಗಿ ನನ್ನ ಮುಖ ನೋಡಿದಳು, ಭಾವನಿಗೆ ಏನೋ ಬೇಜಾರಾಗಿದೆ ಅಂದುಕೊಂಡಿರಬೇಕು. "ಹೌದು ಕಣೇ, ಅಲ್ಲೇ ಇರ್ತೀವಿ," ಅಂದೆ. ಅವಳು ಇನ್ನೊಂದು ಕಂಬಳಿ ತಂದುಕೊಟ್ಟಳು. ಊರಿಗೆ ಹೊರಡುವವರೆಗೂ, ಸುಮಾರು ಎರಡು ವಾರ, ನಾವು ಅವಳ ಅಂಗಳದಲ್ಲಿ ನಿಂತ ಗಾಡಿಯಲ್ಲೇ ಇದ್ದೆವು. ಅಲ್ಲಿ ಇವರಿಗೆ ಮಂಚದ ತುದಿ, ನನಗೆ ಒಲೆಯ ಮುಂದೆ ಅಂತ ಜಾಗ ಗೊತ್ತಾಗಿಬಿಟ್ಟಿತ್ತು. ಬೆಳಿಗ್ಗೆ ಅವಳು ಡ್ಯೂಟಿಗೆ ಹೋಗುವಾಗ ಕಿಟಕಿ ತಟ್ಟಿ, ಕಾಫಿಗೆ ಹಾಲು ಬೇಕಾ ಅಂತ ಕೇಳಿ ಹೋಗುತ್ತಿದ್ದಳು.